ಜುಂಜ ಬಡಾವಣೆ ನೋಡಲು ಹೋದದ್ದು

ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬಂದೀತೋ ಇಲ್ಲವೋ ನಾನು ಹೇಳಲಾರೆ. ಬೆಂಗಳೂರು ಪೇಟೆಯ ಒಂದು ಗಲ್ಲಿಯಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು, ಹಪ್ಪಳ ಮಾಡಿ ಮಾರುವವಳು. ಅವಳಿಗೊಬ್ಬನೇ ಮಗ, ಜುಂಜ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಏಳು ಅಂದರೆ ಏಳುವನು, ಕೂರು ಅನ್ನುವ ತನಕ ನಿಂತೇ ಇರುವನು.

ಅವರಿದ್ದ ಮನೆಯನ್ನು ಯುಗಾದಿ ಕಳೆದ ಕೂಡಲೇ ಕೆಡವುತ್ತೇವೆ ಅಂತ ಮಾಲೀಕರು ಹೇಳಿಬಿಟ್ಟರು. ಪೇಟೆಯೊಳಗೆ ಬೇರೆ ಮನೆ ಹಿಡಿಯುವ ಶಕ್ತಿ ಸಾಕಮ್ಮನಿಗಿಲ್ಲ. ಊರಾಚೆಯ ಹೊಸ ಬಡಾವಣೆಗಳಲ್ಲೇ ನೋಡಬೇಕು. ಹಪ್ಪಳಕ್ಕೆ ಬಿಸಿಲು ಬೇಕು, ಹಿಟ್ಟಿಗೆ ನೀರು ಬೇಕು, ಪಕ್ಕದವರು ಮನುಷ್ಯರಾಗಿರಬೇಕು. ತಾನೇ ಅಲೆಯೋಣ ಅಂದರೆ ಮಂಡಿ ನೋವು. ಕಳಿಸಲು ಇರುವವನು ಇವನೊಬ್ಬ.

"ಲೋ ಜುಂಜ, ನೆಲ್ಲಿಕಟ್ಟೆ ಬಡಾವಣೇಲಿ ಒಂದು ಮನೆ ಖಾಲಿ ಐತಂತೆ. ಹೋಗಿ ಮೊದ್ಲು ನೀರು ನೋಡು. ಎಷ್ಟೊತ್ತು ಬರುತ್ತೆ ನೋಡ್ಕೊಂಡು ಬಾ!"

"ಆಗ್ಲಿ ಕಣವ್ವಾ!"

ಹೋದ. ಅಲ್ಲಿ ಬೀದಿಗೆಲ್ಲ ಒಂದೇ ಟ್ಯಾಂಕು. ಆಗಷ್ಟೇ ನೀರಿನ ಲಾರಿ ಬಂದು ತುಂಬಿಸಿ ಹೋಗಿತ್ತು. ಜುಂಜ ನಲ್ಲಿ ತಿರುಗಿಸಿದ. ನೀರು ಬಂತು. ನೋಡಿದ. ಬರುತ್ತಲೇ ಇತ್ತು. ನೋಡುತ್ತಲೇ ಇದ್ದ. ಚರಂಡಿ ತುಂಬಿತು, ರಸ್ತೆ ನೆನೆಯಿತು, ಟ್ಯಾಂಕು ಬರಿದಾಯಿತು! ಹೆಂಗಸರು ಕೊಡ ಹಿಡಿದು ಓಡಿಬಂದರು.

"ಅಯ್ಯೋ ನಮ್ಮ ನೀರು! ಯಾರ ಮಗನೋ ನೀನು?"

"ನಮ್ಮವ್ವನ ಮಗ!" ಅಂದ ಜುಂಜ. ಸುಳ್ಳೇನಲ್ಲವಲ್ಲ! ಅಟ್ಟಿಸಿಕೊಂಡು ಬಂದರು. ಓಡಿದ.

ಮನೆಗೆ ಬಂದು, "ಸಂಜೇವರ್ಗೂ ಬಂತವ್ವಾ, ಆಮೇಲೆ ನಿಂತೋಯ್ತು" ಅಂದ.

ಸಾಕಮ್ಮ ಹಣೆ ಚಚ್ಚಿಕೊಂಡಳು. "ಥೂ ನಿನ್ನ! ಆ ಹೆಣ್ಣುಮಕ್ಕಳು ಇವತ್ತು ಏನು ಕುಡೀತಾರೋ! ಇನ್ಮೇಲೆ ತೆರೆದಿರೋದು ಏನು ಕಂಡ್ರೂ ಮೊದ್ಲು ಮುಚ್ಚು!"

"ಆಗ್ಲಿ ಕಣವ್ವಾ!"

ಮಾರನೆಯ ವಾರ ಹೊಂಗೆತೋಪು ಬಡಾವಣೆಗೆ ಕಳಿಸಿದಳು. ಖಾಲಿ ಇದ್ದ ಮನೆಯ ಪಕ್ಕದಲ್ಲೇ ಅಂದು ಗೃಹಪ್ರವೇಶ. ಚಪ್ಪರ, ವಾಲಗ, ಮಾವಿನ ತೋರಣ. ಮೊದಲು ಹಸು ಕರು ಒಳಗೆ ಹೋಗಬೇಕು, ಆಮೇಲೆ ಮನೆಯವರು. ಹಸು ಗೇಟಿನ ಹತ್ತಿರ ಬಂತು. ಗೇಟು ತೆರೆದಿತ್ತು!

ಜುಂಜ ಓಡಿಹೋಗಿ ದಡಾರ್ ಅಂತ ಮುಚ್ಚಿದ. ಅಲ್ಲೇ ನೇತಾಡುತ್ತಿದ್ದ ಬೀಗವನ್ನೂ ಒತ್ತಿದ. ಬೀಗದ ಕೈ ಒಳಗೆ, ಹಸು ಹೊರಗೆ. "ಮುಹೂರ್ತ ಮೀರ್ತಾ ಇದೆ!" ಅಂತ ಪುರೋಹಿತರು ಬಾಯಿ ತೆರೆದರು. ತೆರೆದದ್ದು ಕಂಡ ಮೇಲೆ ಬಿಡುತ್ತಾನೆಯೇ? ಅದನ್ನೂ ಅಂಗೈಯಿಂದ ಮುಚ್ಚಿದ!

"ಹಿಡೀರೋ ಅವನ್ನ! ಯಾರ ಮಗನೋ ನೀನು?"

"ನಮ್ಮವ್ವನ ಮಗ!"

ಬಂದು ಹೇಳಿದ. ಸಾಕಮ್ಮ ಕಿವಿ ಮುಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ದನ ಬಾಗಿಲಿಗೆ ಬಂದ್ರೆ ಲಕ್ಷ್ಮಿ ಬಂದಂಗಲ್ವೇನೋ? ಗೇಟು ತೆಗೆದು, ಕೈ ಮುಗಿದು, ಬಾ ತಾಯಿ ಒಳಗೆ ಅಂತ ಕರೀಬೇಕು!"

"ಆಗ್ಲಿ ಕಣವ್ವಾ!"

ಆಮೇಲೆ ದೊಡ್ಡಕಟ್ಟೆ. ಕೆರೆ ಮುಚ್ಚಿ ಕಟ್ಟಿದ ಸಿರಿವಂತರ ಬಡಾವಣೆ. ಸುತ್ತ ಕಾಂಪೌಂಡು, ಮುಂದೆ ದೊಡ್ಡ ಗೇಟು, ನಡುವೆ ನೀಲಿ ನೀರಿನ ಈಜುಕೊಳ. ಕಾವಲುಗಾರನ ಕೋಣೆಯ ಮೇಲೊಂದು ಕೋಣೆ ಬಾಡಿಗೆಗೆ ಇತ್ತು. ಒಳಗಿನವರಿಗೇ ಹಪ್ಪಳ ಮಾರಬಹುದು ಅಂತ ಸಾಕಮ್ಮನ ಆಸೆ. ಕಾವಲುಗಾರ, "ಇಲ್ಲೇ ನಿಂತಿರು, ಕೇಳ್ಕೊಂಡು ಬರ್ತೀನಿ" ಅಂತ ಒಳಗೆ ಹೋದ. ಅಷ್ಟರಲ್ಲಿ ಹಳೇ ಊರಿನ ಮುದುಕನೊಬ್ಬ ಎಮ್ಮೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದ.

ಜುಂಜ ಗೇಟು ತೆಗೆದ. ಕೈ ಮುಗಿದ. "ಬಾ ತಾಯಿ ಒಳಗೆ! ನೀನೂ ಬಾ ತಾಯಿ! ನೀನೂ ಬಾ!"

ಬಾ ಅಂದರೆ ಎಮ್ಮೆಗೇನು ಬಿಗುಮಾನವೇ? ಹೋದವು. ನೆಟ್ಟಗೆ ಹೋಗಿ ಈಜುಕೊಳಕ್ಕೆ ಇಳಿದವು! ಈಜುತ್ತಿದ್ದವರು ಚೀರಿಕೊಂಡು ಮೇಲೆ ಹತ್ತಿದರು. ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿಬಿಟ್ಟವು. "ಕೆರೆ ಇದ್ದಾಗ ಇಲ್ಲೇ ಮಲಗ್ತಿದ್ವು, ಅವಕ್ಕೆ ನೆಪ್ಪೈತೆ" ಅಂದ ಮುದುಕ.

"ಯಾರ ಮಗನೋ ನೀನು?" ಅಂತ ಕಾವಲುಗಾರ ದೊಣ್ಣೆ ಎತ್ತಿದ.

"ನಮ್ಮವ್ವನ ಮಗ!" ಅನ್ನುವಷ್ಟರಲ್ಲಿ ಬೆನ್ನಿಗೆ ಬಿತ್ತು.

ಈ ಸಲ ಸಾಕಮ್ಮ ಬೈಯಲಿಲ್ಲ. ಮಗನ ಬೆನ್ನಿಗೆ ಎಣ್ಣೆ ಸವರಿದಳು. ಅವಳಿಗೆ ನಾಚಿಕೆಯಾಗಿತ್ತು. ಇಂಥವನನ್ನು ಹೆತ್ತೆನಲ್ಲ ಅಂತ ನಾಚಿಕೆ. ಹಾಗೆ ನಾಚಿಕೆಪಟ್ಟೆನಲ್ಲ ಅಂತ ಇನ್ನೊಂದು ನಾಚಿಕೆ. ಅತ್ತ ಯುಗಾದಿ ಹತ್ತಿರ ಬಂದಿತ್ತು.

"ಬೇವಿನಗುಡ್ಡೆ ಬಡಾವಣೆಗೆ ನಾನೇ ಬರ್ತೀನಿ" ಅಂದಳು ಕೊನೆಗೆ. "ನೀನು ಸಾಮಾನು ಹೊತ್ಕೊಂಡು ಹಿಂದೆ ಬಾ. ಗೇಟಿನಾಚೆ ನಿಲ್ಲು. ಯಾರು ಕೇಳಿದ್ರೂ ನೀನು ನನ್ನ ಮಗ ಅಂತ ಹೇಳ್ಬೇಡ."

ಜುಂಜ ಅವಳ ಮುಖ ನೋಡಿದ. "ಆಗ್ಲಿ ಕಣವ್ವಾ" ಅಂದ. ಈ ಸಲ ಮೆಲ್ಲಗೆ ಅಂದ.

ಬೇವಿನಗುಡ್ಡೆಯ ಮನೆ ಸಣ್ಣದು. ಆದರೆ ಅಂಗಳದ ತುಂಬ ಬಿಸಿಲು, ಬಾವಿಯಲ್ಲಿ ನೀರು. ಮನೆಯೊಡತಿ ಭಾಗೀರತಮ್ಮ ಬಂದವಳಿಗೆ ಮೊದಲು ಕಾಫಿ ಕೊಟ್ಟರು, ಆಮೇಲೆ ಮಾತು. ಗೇಟಿನ ಕಡೆ ನೋಡಿ, "ಅವರು ಯಾರಮ್ಮಾ?" ಅಂತ ಕೇಳಿದರು.

"ಆಳು ಅಮ್ಮಾವ್ರೇ. ಸಾಮಾನು ಹೊರೋಕೆ ಬಂದೋನು."

ಅಂದುಬಿಟ್ಟಳು. ಗೇಟಿನಾಚೆ ನಿಂತ ಜುಂಜನಿಗೂ ಅದು ಕೇಳಿಸಿತು. ಮನೆ ಸಿಕ್ಕಿತು.

ಸಾಮಾನೆಲ್ಲ ಇಳಿಸಿ ಆಯಿತು. ಸಾಕಮ್ಮ ಒಲೆ ಹಚ್ಚಿ, ಮುದ್ದೆ ತೊಳಸಿ, ಬಾಗಿಲಿಗೆ ಬಂದು ಮೆಲ್ಲಗೆ ಕರೆದಳು.

"ಒಳಗೆ ಬಾರೋ, ಊಟ ಮಾಡು."

"ಬ್ಯಾಡ ಅಮ್ಮಾವ್ರೇ" ಅಂದ ಜುಂಜ ಗೇಟಿನಾಚೆಯಿಂದ. "ನಾನು ಆಳು. ಇಲ್ಲೇ ಇರ್ತೀನಿ."

"ಲೋ, ನಾನು ಕಣೋ ಕರೀತಿರೋದು!"

"ಗೊತ್ತು ಅಮ್ಮಾವ್ರೇ."

ಹೆತ್ತ ಮಗನ ಬಾಯಲ್ಲಿ ಅಮ್ಮಾವ್ರೇ! ಅಷ್ಟರಲ್ಲಿ ಭಾಗೀರತಮ್ಮ ಹೊರಗೆ ಬಂದು, "ಪಾಪ, ಆಳು ಇನ್ನೂ ನಿಂತಿದ್ದಾರಲ್ಲ, ಕೂಲಿ ಕೊಡ್ಲಿಲ್ವಾ?" ಅಂದರು.

"ಆಳಲ್ಲಮ್ಮಾ! ನನ್ನ ಮಗ! ನಾಚ್ಕೆಗೆ ಸುಳ್ಳು ಹೇಳ್ದೆ!" ಅಂತ ಸಾಕಮ್ಮ ಗೋಳೋ ಅಂತ ಅತ್ತಳು.

ಭಾಗೀರತಮ್ಮ ಗೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ಮಗನ್ನ ಬೀದೀಲಿ ನಿಲ್ಲಿಸಿ ನನ್ನ ಮನೇಲಿ ಒಲೆ ಹಚ್ಚಿದ್ಯಲ್ಲಮ್ಮಾ. ಮೊದ್ಲು ಒಳಗೆ ಕರ್ಕೋ" ಅಂದರು.

ಸಾಕಮ್ಮ ಅವನ ಕೈ ಹಿಡಿದು ಒಳಗೆ ತಂದಳು. "ಇನ್ಮೇಲೆ ನಾನು ಸಾಕಮ್ಮನ ಮಗ ಅಂತ ಕಂಡೋರಿಗೆಲ್ಲ ಹೇಳು ಕಂದಾ. ಕೇಳಿದೋರಿಗೆಲ್ಲ ಹೇಳು!"

"ಕೇಳಿದೋರಿಗೆಲ್ಲಾನಾ?"

"ಎಲ್ಲಾರ್ಗೂ!"

"ಆಗ್ಲಿ ಕಣವ್ವಾ!"

ಸಾಕಮ್ಮನ ಜಾಗದಲ್ಲಿ ನಾನಿದ್ದರೆ ಎಲ್ಲಾರ್ಗೂ ಅಂತ ಮಾತ್ರ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮಗ ಇಲ್ಲ. ಸಾಕಮ್ಮ ಅಂಗಳದಲ್ಲಿ ಹೊಸ ಹಪ್ಪಳ ಹರವಿ ಕಾಯುತ್ತಾ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಬೀದಿ ಕೊನೆಯಲ್ಲಿ ಗದ್ದಲ. ಮುಂದೆ ಜುಂಜ, ಮುಖ ಅರಳಿದೆ. ಹಿಂದೆ ಖಾಲಿ ಕೊಡ ಹೊತ್ತ ನೆಲ್ಲಿಕಟ್ಟೆ ಹೆಂಗಸರು. ಅವರ ಹಿಂದೆ ಹೊಂಗೆತೋಪಿನ ಯಜಮಾನ, ಪುರೋಹಿತರು, ಹಸು, ಕರು. ಕೊನೆಗೆ ದೊಣ್ಣೆಯ ಕಾವಲುಗಾರ, ಮುದುಕ, ಎಮ್ಮೆಗಳು.

"ಅವ್ವಾ! ಯಾರ ಮಗ ಅಂತ ಕೇಳಿದೋರಿಗೆಲ್ಲ ಹೇಳಿ ಕರ್ಕೊಂಡು ಬಂದಿದ್ದೀನಿ!"

ಗೇಟು ತೆಗೆದ. ಕೈ ಮುಗಿದ. "ಬಾ ತಾಯಿ ಒಳಗೆ!" ಎಮ್ಮೆಗಳು ನೆಟ್ಟಗೆ ಹಪ್ಪಳದ ಮೇಲೆ ನಡೆದವು.

ಭಾಗೀರತಮ್ಮ ಬಾಗಿಲಿಗೆ ಬಂದು ನಿಂತರು. ಬೀದಿಯವರೆಲ್ಲ ನೆರೆದರು. "ಏನಮ್ಮಾ, ಇವನು ನಿನ್ನ ಮಗನಾ?" ಅಂತ ಕಾವಲುಗಾರ ಕೇಳಿದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸಾಕಮ್ಮನಿಗೆ. ಸೆರಗು ಮುಖಕ್ಕೆ ಎಳೆದುಕೊಂಡಳು. ಜುಂಜ ಅವಳನ್ನೇ ನೋಡುತ್ತಿದ್ದ. ಸೆರಗು ಬಿಟ್ಟಳು.

"ಹೌದು, ನನ್ನ ಮಗ" ಅಂದಳು.

ಜುಂಜ ಹಿಗ್ಗಿ ಹೀರೇಕಾಯಾದ. "ಎಮ್ಮೆ ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ ಕಣವ್ವಾ, ಇನ್ನೊಂದ್ಸಲ ಹೇಳು!"