ದೇಸಾಯರ ಗಾದಿ ಮತ್ತು ಬೀಗಲ್ ನಾಯಿ

ದೇಸಾಯರ ವಾಡೆಗೆ ಒಂದು ಬೇಟೆನಾಯಿ ಬೇಕಾಗಿತ್ತು. ಪರೀಕ್ಷೆಗೆಂದು ಎರಡು ಬಂದಿದ್ದವು. ಒಂದು ಮುಧೋಳ; ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ. ಇನ್ನೊಂದು ವಿಲಾಯತಿ ಬೀಗಲ್. ಅದು ಮೂಗಿನಿಂದ ಹುಡುಕುವ ಜಾತಿ, ಎಂದರೆ ಕಾಣದ್ದನ್ನೂ ಬಿಡುವುದಿಲ್ಲ. ಗಂಡಹೆಂಡತಿಗೆ ಒಮ್ಮತ ಬಾರದ್ದರಿಂದ ತೀರ್ಪು ನಾಯಿ ನೋಡಿಕೊಳ್ಳುವ ಯಮನಪ್ಪನ ತಲೆಗೆ ಬಿತ್ತು.

“ಬೀಗಲ್ ಅನ್ಲಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡಲೇ,” ಎಂದರು ದೇಸಾಯರು.

“ಮುಧೋಳ ಅನ್ಲಿಲ್ಲಂದ್ರ ಇವತ್ತ ಹೊಂಡು,” ಎಂದರು ಅವರ ಹೆಂಡತಿ.

ಯಮನಪ್ಪ ಯಾವ ಹೆಸರನ್ನೂ ಹೇಳಲಿಲ್ಲ. “ಒಮ್ಮೆ ಮನಿ ತುಂಬ ಅಡ್ಡಾಡಸ್ತೀನ್ರೀ” ಎಂದು ಎರಡನ್ನೂ ಒಳಗೆ ಕರೆತಂದ. ಓಡುವಂಥದ್ದು ಏನೂ ಕಾಣದೆ ಮುಧೋಳ ಸುಮ್ಮನೆ ನಿಂತಿತು. ಬೀಗಲ್ ನೆಲ ಮೂಸುತ್ತ ನೇರವಾಗಿ ಹೋಗಿ ದೇಸಾಯರು ಕುಳಿತಿದ್ದ ಗಾದಿಯನ್ನು ಕೆರೆಯತೊಡಗಿತು.

ಗಾದಿಯ ಕೆಳಗೆ ಕರದಂಟು ಇತ್ತು. ಡಾಕ್ಟರು ಸಿಹಿ ಬಿಡಿಸಿದ್ದರಿಂದ ದೇಸಾಯರು ಹೆಂಡತಿಗೆ ಕಾಣದಂತೆ ತಿನ್ನುತ್ತಿದ್ದರು. ತಂದುಕೊಡುತ್ತಿದ್ದವನು ಯಮನಪ್ಪನೇ ಆದ್ದರಿಂದ ಅವನಿಗೆ ಇದು ಗೊತ್ತಿತ್ತು.

“ಬೇಟಿ ಸಿಕ್ಕೈತ್ರೀ ಧಣ್ಯಾರ. ಹಗ್ಗ ಬಿಡ್ಲೇನ್ರೀ?”

ದೇಸಾಯರು ಗಾದಿಯನ್ನು ಎರಡೂ ಕೈಯಿಂದ ಒತ್ತಿಹಿಡಿದರು. “ಬ್ಯಾಡ, ಬ್ಯಾಡ! ಮುಧೋಳಾನ ಇರಲಿ. ನಮ್ಮ ನಾಡಿನ ನಾಯಿ, ಅದರ ಗತ್ತ ಬ್ಯಾರೆ!”

ಹೆಂಡತಿಗೆ ಗೆದ್ದ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. “ಅದ್ಯಾಕೋ ಯಮನಪ್ಪ, ಆ ನಾಯಿ ಗಾದಿ ಬಿಡವಲ್ದು?”

“ಅದಕ್ಕ ಧಣ್ಯಾರ ಮ್ಯಾಲೆ ಭಾಳ ಜೀವ ಕುಂತೈತ್ರೀ ಅವ್ವಾರ. ಲಗೂನ ಕಳಿಸಿಬಿಡೂದು ಚಲೋ.”

“ಈಗಿಂದೀಗ ಕಳಸು!” ಎಂದರು ದೇಸಾಯರು, ಕುಳಿತಲ್ಲಿಂದ ಏಳದೆ.