ಬರೀ ನೀರು ಕುದಿಯುತ್ತಿದ್ದ ಒಲೆ

"ಗುರುಗಳೇ, ಎಲ್ಲ ಕೆಲಸವನ್ನೂ ಹಂಚಿಯಾಗಿದೆ. ನಾಳೆ ಒಂದು ಒಲೆಯೂ ಖಾಲಿ ಇರುವುದಿಲ್ಲ, ಒಬ್ಬರ ಕೈಯೂ ಖಾಲಿ ಇರುವುದಿಲ್ಲ. ಅನ್ನ ಬಸಿಯುವುದು ಕಷ್ಟದ ಕೆಲಸವೆಂದು ಅದನ್ನು ನಾನೇ ಇಟ್ಟುಕೊಂಡಿದ್ದೇನೆ. ಇಷ್ಟೆಲ್ಲ ಯೋಜನೆ ಮಾಡಿದ ಮೇಲೂ ನನ್ನ ಎದೆ ಏಕೆ ಹೀಗೆ ಹೊಡೆದುಕೊಳ್ಳುತ್ತಿದೆ?"

ಹೀಗೆ ಕೇಳಿದವನು ಶಿಷ್ಯ ಮರುಳಯ್ಯ. ಮಠದ ದಾಸೋಹದ ಹೊಣೆ ಮೊದಲ ಸಲ ಅವನ ಹೆಗಲಿಗೆ ಬಿದ್ದಿತ್ತು. ಬೆಳಗಾದರೆ ಸುತ್ತಲ ಊರುಗಳ ಜನ ಊಟಕ್ಕೆ ಬರುವವರಿದ್ದರು. ಒಬ್ಬರು ಹಸಿದು ಹೋದರೂ ಮಠದ ಮಾನ ಹೋದಂತೆ ಎಂಬ ಚಿಂತೆಯಲ್ಲಿ ಅವನು ಊಟವನ್ನೂ ಬಿಟ್ಟಿದ್ದ.

ಗುರುಗಳು ನಕ್ಕರು. "ಕೂತುಕೋ ಮಾರಾಯ. ದಾಸೋಹ ನಾಳೆ, ನೀನು ಇವತ್ತೇ ಬೆಂದು ಹೋಗಬೇಡ" ಎಂದು ಕತೆ ಶುರುಮಾಡಿದರು.

ಒಬ್ಬ ವರ್ತಕ ಮಗಳ ಮದುವೆ ಇಟ್ಟುಕೊಂಡಿದ್ದ. ಒಬ್ಬಳೇ ಮಗಳು. ಬೀಗರೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು. ಹಿಂದೊಮ್ಮೆ ಯಾರದೋ ಮನೆಯಲ್ಲಿ ಬಡಿಸುವುದು ತಡವಾಯಿತೆಂದು ಎಲೆ ಬಿಟ್ಟು ಎದ್ದು ಹೋದ ಮಹಾನುಭಾವರು. ಮದುವೆಯೂಟದಲ್ಲಿ ಒಂದು ಕೊರತೆಯಾದರೂ ಮಗಳು ಜೀವಮಾನವಿಡೀ ಆ ಮಾತು ಕೇಳಬೇಕಾಗುತ್ತದೆ ಎಂದು ವರ್ತಕನಿಗೆ ಗೊತ್ತಿತ್ತು. ಅದಕ್ಕೇ ಹೆಸರಾದ ಅಡುಗೆಯವನನ್ನು ಕರೆಸಿದ.

ಅಡುಗೆಯವನು ಹಿತ್ತಲಲ್ಲಿ ಸಾಲಾಗಿ ಒಲೆ ಹೂಡಿದ. ತನ್ನವರಿಗೆ ಕೆಲಸ ಹಂಚಿದ. ಹುಳಿಗೆ ಒಬ್ಬ, ಪಾಯಸಕ್ಕೆ ಒಬ್ಬ, ಅನ್ನಕ್ಕೆ ಇಬ್ಬರು. ಕೊನೆಯ ಒಲೆಯ ಮೇಲೆ ಬರೀ ನೀರಿನ ಕೊಪ್ಪರಿಗೆ ಇಟ್ಟು, ಪಕ್ಕದಲ್ಲಿ ಅಕ್ಕಿ ತೊಳೆದು ಮುಚ್ಚಿಟ್ಟ. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡ.

ಅದನ್ನು ನೋಡಿ ವರ್ತಕನಿಗೆ ಮೈಯೆಲ್ಲ ಉರಿದುಹೋಯಿತು.

"ಏನಯ್ಯಾ ಇದು? ಮೈಮೇಲೆ ಬೀಳುವಷ್ಟು ಕೆಲಸವಿದೆ, ನೀನು ಮದುಮಗನ ಹಾಗೆ ಕೂತಿದ್ದೀಯಲ್ಲ! ಅಲ್ಲಿ ನೋಡಿದರೆ ಬರೀ ನೀರು ಕುದಿಸುತ್ತಿದ್ದೀಯ. ಸೌದೆ ಏನು ನಿಮ್ಮಪ್ಪ ಕಡಿದು ಹಾಕಿದ್ದಾ? ಮೊದಲು ಆ ಒಲೆ ಆರಿಸು."

"ಒಲೆ ಆರಿಸುವುದಾದರೆ ನನ್ನನ್ನೂ ಕಳಿಸಿಬಿಡಿ ಯಜಮಾನರೇ. ಆ ಒಲೆಗೂ ನನಗೂ ಇನ್ನೂ ಕೆಲಸ ಬಂದಿಲ್ಲ."

ಶುಭಕಾರ್ಯದ ಮನೆಯಲ್ಲಿ ಜಗಳ ಬೇಡವೆಂದು ವರ್ತಕ ಚಪ್ಪರದ ಕಡೆ ಹೊರಟ. ಹೆಸರು ಕೇಳಿ ಉಂಡಾಡಿ ಗುಂಡನನ್ನು ಕರೆಸಿದೆನಲ್ಲಾ ಎಂದು ತನ್ನನ್ನೇ ಬೈದುಕೊಂಡ.

ಧಾರೆ ಮುಗಿಯಿತು. ಬೀಗರು ಪಂಕ್ತಿಗೆ ಕೂತರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದವು. ಅನ್ನ ತುಪ್ಪ ಬೀಳುವವರೆಗೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ, ಅದು ಆ ಕಡೆಯ ಪದ್ಧತಿ. ಸರಿಯಾಗಿ ಅದೇ ಹೊತ್ತಿಗೆ ಹಿತ್ತಲಲ್ಲಿ ಅನ್ನದ ಕೊಪ್ಪರಿಗೆ ಹೊತ್ತಿದ್ದ ಬಿದಿರಿನ ಗಳು ಲಟಕ್ಕನೆ ಮುರಿಯಿತು. ದೇವರು ದೊಡ್ಡವನು, ಹೊತ್ತವರ ಕಾಲು ಉಳಿಯಿತು. ಅನ್ನ ಮಾತ್ರ ಮಣ್ಣುಪಾಲಾಯಿತು.

ವರ್ತಕ ಓಡಿ ಬಂದು ನೋಡಿದ. ಅಲ್ಲೇ ಕುಸಿದು ಕೂತ. "ಅಯ್ಯೋ, ನನ್ನ ಮಗಳ ಗತಿ ಏನಪ್ಪಾ!" ಎಂದು ತಲೆ ಚಚ್ಚಿಕೊಂಡ. ಹುಳಿಯವನು ಹುಳಿ ಬಿಟ್ಟು ಬರುವಂತಿರಲಿಲ್ಲ, ಉಕ್ಕುತ್ತಿತ್ತು. ಪಾಯಸದವನು ಸೌಟು ಬಿಡುವಂತಿರಲಿಲ್ಲ, ತಳ ಹಿಡಿಯುತ್ತಿತ್ತು.

ಅಡುಗೆಯವನು ಬಾಯಿ ಮುಕ್ಕಳಿಸಿ ಎದ್ದ. ತೊಳೆದಿಟ್ಟಿದ್ದ ಅಕ್ಕಿಯನ್ನು ಕುದಿಯುವ ನೀರಿಗೆ ಸುರಿದ. ಹೆಗಲ ವಸ್ತ್ರದಲ್ಲಿ ಕೈ ಒರಸಿಕೊಂಡು ನೆಟ್ಟಗೆ ಚಪ್ಪರಕ್ಕೆ ನಡೆದ. ಹೆಣ್ಣಿನ ಕಡೆಯ ಹೆಂಗಸರ ಮುಂದೆ ನಿಂತು, "ಏನ್ರಮ್ಮಾ, ಬೀಗರಿಗೆ ಹಾಡಿಲ್ಲದ ಊಟ ಹಾಕುತ್ತೀರಾ? ನಾಲಿಗೆಗೆ ಅಷ್ಟು ಬರ ಬಂತೇ?" ಎಂದು ಕೆಣಕಿದ.

ಕುಣಿಯುವವರಿಗೆ ಗೆಜ್ಜೆ ಕೊಟ್ಟ ಹಾಗಾಯಿತು. "ಬೀಗರು ಬಂದರು ಬಿಂಕದಲಿ, ಪೇಟವ ತಂದರು ಎರವಿನಲಿ" ಎಂದು ಎತ್ತಿಕೊಂಡೇಬಿಟ್ಟರು. ಗಂಡಿನ ಸೋದರತ್ತೆ ಸುಮ್ಮನಿರುವವಳೇ? ಸೆರಗು ಸಿಕ್ಕಿಸಿಕೊಂಡು ಎಲೆಯ ಮುಂದಿನಿಂದಲೇ ತಿರುಗಿ ಹಾಡಿದಳು. ಹಾಡಿಗೆ ಹಾಡು ಬೆಳೆಯಿತು. ಮೂಗಿನ ತುದಿಯ ಕೋಪದವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ನಿಲ್ಲುವ ಮೊದಲೇ ಹಬೆಯಾಡುವ ಅನ್ನ ಬಂತು, ಅದರ ಮೇಲೆ ತುಪ್ಪ ಬಿತ್ತು. "ಇಷ್ಟು ಬಿಸಿ ಅನ್ನ ಯಾವ ಮದುವೆಯಲ್ಲೂ ಉಂಡಿರಲಿಲ್ಲ" ಎಂದರು ಹಿರಿಯ ಬೀಗರು.

ವರ್ತಕ ಚಪ್ಪರದ ಕಂಬಕ್ಕೆ ಒರಗಿ ನಿಂತು, ಉಸ್ಸಪ್ಪಾ ಎಂದು ಮುಖ ಮುಚ್ಚಿಕೊಂಡು ಅತ್ತ. ಹೋದ ಜೀವ ಬಂದಂತಾಗಿತ್ತು. ಅಡುಗೆಯವನು ಮತ್ತೆ ಕಟ್ಟೆಯ ಮೇಲೆ ಕೂತಿದ್ದ. ಈ ಸಲ ಎಲೆಯಡಿಕೆಗೆ ಸುಣ್ಣ ಹಚ್ಚಿ ಕೊಟ್ಟವನು ವರ್ತಕನೇ.

ಕತೆ ನಿಂತಿತು. ಮರುಳಯ್ಯ ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಬಿಟ್ಟ.

"ಸದ್ಯ, ಬದುಕಿದ! ನನಗೀಗ ಅರ್ಥವಾಯಿತು ಗುರುಗಳೇ. ನಾಳೆ ನಾನೂ ಒಂದು ಒಲೆಯನ್ನು ಬರೀ ನೀರಿಗೆ ಬಿಡುತ್ತೇನೆ. ಅಕ್ಕಿಯನ್ನೂ ತೊಳೆಸಿ ಇಡುತ್ತೇನೆ."

ಎದೆಯ ಭಾರ ಇಳಿದು, ಅವನು ನಗುತ್ತಾ ನಮಸ್ಕರಿಸಿ ಎದ್ದ. ಬಾಗಿಲ ತನಕ ಹೋದವನನ್ನು ಗುರುಗಳು ಕೂಗಿದರು.

"ಒಲೆಯೇನೋ ಸರಿ ಮರುಳಯ್ಯ, ಅನ್ನ ಬಸಿಯುವುದಕ್ಕೆ ನೀನೇ ಹೋದರೆ ಕಟ್ಟೆಯ ಮೇಲೆ ಕೂರುವವರು ಯಾರು?"