ಚಿಕ್ಕಬೋರನ ಅಪ್ಪಣೆ ಚೀಟಿ

ಕೇಳ್ರಪ್ಪಾ, ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಚಿಕ್ಕಬೋರ. ಆಳು ನೋಡಿದರೆ ಎತ್ತಿನಂಥವನು, ಬುದ್ಧಿ ಮಾತ್ರ ಕರುವಿಗಿಂತ ಕಡಿಮೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ.

ಒಂದಿನ ಅವ್ವ, "ಸಾರಿಗೆ ನಾಲ್ಕು ನುಗ್ಗೆಕಾಯಿ ಕಿತ್ಕೊಂಡು ಬಾರೋ" ಅಂದಳು. ಹೋದ, ಪಕ್ಕದ ಮನೆ ಮರದಲ್ಲಿ ಕಿತ್ತ, ಬಂದ. ಹಿಂದೇನೇ ಪಕ್ಕದ ಮನೆಯವಳು ಬಾಯಿ ಮಾಡ್ಕೊಂಡು ಬಂದಳು. ಅವ್ವ ಮಗನ ಕಡೆ ತಿರುಗಿದಳು.

"ಅಯ್ಯೋ ನನ್ನ ಹಣೆಬರಹವೇ! ಇನ್ನೊಬ್ಬರದು ಮುಟ್ಟೋಕೆ ಮುಂಚೆ ಕೇಳಬೇಕು ಕಣೋ, ಕೇಳಬೇಕು!"

"ಆಗಲಿ ಕಣವ್ವ, ಕೇಳ್ತೀನಿ."

ಮಾರನೇ ದಿನ ಕೊಡಲಿ ಬೇಕಾಯ್ತು. ಹೋದ ಬಡಗಿ ಕಾಳಾಚಾರಿ ಹತ್ತಿರ.

"ಕೊಡಲಿ ತಗೊಳ್ಳಲಾ?"

"ಬೇಡ ಕಣೋ, ನನಗೇ ಕೆಲಸ ಇದೆ."

ಇವನು ಎತ್ಕೊಂಡು ಬಂದೇಬಿಟ್ಟ. ಕಾಳಾಚಾರಿ ಹಿಂದೇನೇ ಬಂದು ಅವ್ವನಿಗೆ ದೂರು ಹೇಳಿದ.

"ಬೇಡ ಅಂದರೂ ತಂದ್ಯೇನೋ?"

"ನೀನೇ ಕೇಳು ಅಂದೆಯಲ್ಲವ್ವ. ಕೇಳಿದೆ!"

ಅವ್ವ ತಲೆ ಚಚ್ಚಿಕೊಂಡಳು. "ಕೇಳಿದರೆ ಸಾಲದೋ ಪೆದ್ದೇ! ಅವರು ಹೂಂ ಅನ್ನಬೇಕು. ಹೂಂ ಅಂದಮೇಲೇ ಕೈ ಹಾಕಬೇಕು!"

ಆಮೇಲೆ ಉಳುಮೆಗೆ ಎತ್ತು ಬೇಕಾಯ್ತು. ಹೋದ ಊರ ಗೌಡರ ಮನೆಗೆ. ಗೌಡರಿಗೆ ಅವತ್ತು ಹಲ್ಲುನೋವು. ದವಡೆ ಊದಿ ಕುಂಬಳಕಾಯಿ ಆಗಿತ್ತು. ಪಂಡಿತರ ಹತ್ತಿರ ಹೋಗೋಕೆ ಗಾಡಿ ಕಟ್ಟಿಸಿ ಜಗಲಿ ಮೇಲೆ ಕೂತಿದ್ದರು.

"ಗೌಡ್ರೇ, ಎತ್ತು ಹೊಡ್ಕೊಂಡು ಹೋಗಲಾ?"

"ಹೂಂ... ಹೂಂ..."

"ಜೋಡೀನೂ?"

"ಹೂಂ..."

"ಗಾಡೀನೂ?"

"ಹೂಂ... ಹೂಂ... ಹೂಂ..."

ಎಂಥಾ ಧಾರಾಳಿ ಗೌಡರು ಅಂದ್ಕೊಂಡು ಗಾಡಿ ಸಮೇತ ಹೊಡ್ಕೊಂಡು ಬಂದ. ಗೌಡರು ದವಡೆ ಹಿಡ್ಕೊಂಡು ಹಿಂದೆಹಿಂದೆ ಓಡಿ ಬಂದರು. ಪಾಪ, ಬೈಯೋಕೂ ಬಾಯಿ ತೆರೆಯೋ ಹಾಗಿಲ್ಲ! ಅವರ ಬದಲು ಅವ್ವನೇ ಬೈದಳು.

"ನೋವಿನ ಹೂಂ ಬೇರೆ, ಒಪ್ಪಿಗೆಯ ಹೂಂ ಬೇರೆ ಕಣೋ! ಅವರು ಬಾಯಿ ತುಂಬಾ 'ಹೊತ್ಕೊಂಡು ಹೋಗು' ಅನ್ನಬೇಕು!"

"ಆಗಲಿ ಕಣವ್ವ."

ಇನ್ನೊಂದಿನ ರಾಗಿ ಅಳೆಯೋಕೆ ಸೇರು ಬೇಕಾಯ್ತು. ಹೋದ ಶೆಟ್ಟರ ಅಂಗಡಿಗೆ. ಸಂತೆ ದಿನ, ಗಿರಾಕಿಗಳ ನೂಕುನುಗ್ಗಲು.

"ಶೆಟ್ಟ್ರೇ, ಸೇರು ತಗೊಳ್ಳಲಾ? ಶೆಟ್ಟ್ರೇ, ತಗೊಳ್ಳಲಾ? ತಗೊಳ್ಳಲಾ?"

ಶೆಟ್ಟರಿಗೆ ರೇಗಿತು. "ಬರೀ ಸೇರು ಯಾಕೋ? ಇಡೀ ಅಂಗಡೀನೇ ಹೊತ್ಕೊಂಡು ಹೋಗು!"

ಹೊತ್ತ! ಅಕ್ಕಿ ಮೂಟೆ ಹೊತ್ತ, ಬೆಲ್ಲದ ಪೆಂಟೆ ಹೊತ್ತ, ಕೊನೆಗೆ ಶೆಟ್ಟರನ್ನೂ ಮಣೆ ಸಮೇತ ಹೊತ್ತ. ಸಂತೆಗೆ ಸಂತೇನೇ ನಕ್ಕಿತು. ಅವ್ವ ಅತ್ತಳು.

"ಅದು ಸಿಟ್ಟಿನ ಮಾತು ಕಣೋ! ಬಾಯಿಮಾತೇ ಬೇಡ ನಿನಗೆ. ಏನೇ ಮಾಡೋದಿದ್ದರೂ ಶಾನುಭೋಗರ ಹತ್ತಿರ ಅಪ್ಪಣೆ ಚೀಟಿ ಬರೆಸ್ಕೊಂಡು ಬಾ. ಚೀಟೀಲಿ ಇದ್ದಷ್ಟೇ ಮಾಡು!"

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡತಾಯಮ್ಮ ಕಾಲು ಜಾರಿ ಹಿತ್ತಲ ಬಾವಿಗೆ ಬಿದ್ದಳು. ಪುಣ್ಯಕ್ಕೆ ಸೊಂಟದುದ್ದ ನೀರು.

"ಬೋರಾ! ಚಾವಡಿ ಏಣಿ ತಂದು ಇಳಿಸೋ! ಚಳೀಲಿ ಸಾಯ್ತೀನಿ!"

ಓಡಿದ. ಏಣಿಗಲ್ಲ, ಚೀಟಿಗೆ. ಚಾವಡೀಲಿ ಶಾನುಭೋಗರು ಎಲೆಅಡಿಕೆ ಹಾಕ್ಕೊಂಡು, ನಿಧಾನಕ್ಕೆ ಬರೆದರು: 'ಬಾವಿಗೆ ಏಣಿ ಇಳಿಸಲು ಅಪ್ಪಣೆ ಆಗಿದೆ.'

ಬಂದ, ಏಣಿ ಇಳಿಸಿದ. ಅವ್ವ ಮೆಟ್ಟಿಲಿಗೆ ಕಾಲಿಟ್ಟಳು.

"ಅವ್ವಾ, ನಿಲ್ಲು! ಇಳಿಸೋಕೆ ಅಪ್ಪಣೆ ಆಗಿದೆ, ಹತ್ತೋಕೆ ಆಗಿಲ್ಲ!"

ಅಂದವನೇ ಮತ್ತೆ ಚಾವಡಿಗೆ ಓಡಿದ. ಶಾನುಭೋಗರು ಕನ್ನಡಕ ಏರಿಸಿದರು.

"ಹತ್ತೋಕೆ ಅಪ್ಪಣೆ ಹೇಗಯ್ಯಾ ಕೊಡಲಿ? ಬೀಳೋಕೆ ಅಪ್ಪಣೆ ತಗೊಂಡಿದ್ದಳಾ ನಿಮ್ಮವ್ವ?"

"ಇಲ್ಲ ಸ್ವಾಮಿ."

"ತಪ್ಪಲ್ಲವಾ? ಇರಲಿ, ಎರಡೂ ಬರೀತೀನಿ. ಒಂದನೇದು ಬೀಳೋಕೆ, ಎರಡನೇದು ಹತ್ತೋಕೆ. ವರಸೆ ತಪ್ಪಬಾರದು!"

ಚಿಕ್ಕಬೋರ ಎರಡು ಚೀಟಿ ಎದೆಗವಚಿಕೊಂಡು ಏದುಸಿರು ಬಿಡ್ತಾ ಬಂದ. ನೋಡ್ತಾನೆ, ಅವ್ವ ಆಗಲೇ ಮೇಲೆ ಬಂದು, ಬಿಸಿಲಲ್ಲಿ ಕೂತು ಸೆರಗು ಹಿಂಡ್ತಾ ಇದ್ದಾಳೆ! ಇವನಿಗೆ ಅಳುವೇ ಬಂತು. ಚೀಟಿ ಮುಂದೆ ಹಿಡಿದು, ಅವಳ ಕಾಲಿಗೆ ಬಿದ್ದು ಬೇಡಿಕೊಂಡ:

"ಕೆಲಸ ಕೆಡಿಸಿದೆಯಲ್ಲವ್ವ! ಅಪ್ಪಣೆ ಈಗ ಆಗಿದೆ. ಒಂದೇ ಒಂದು ಸಲ, ಕ್ರಮವಾಗಿ ಬಿದ್ದುಬಿಡು!"